ಆಲ್ಬರ್ಟಾದ ಪ್ರೇರಿಯಲ್ಲಿ ಹಳೇ ವಲಸೆಗಾರರ ಹೊಲ ಪತ್ತೆ ಮಾಡುವುದು ಹೇಗೆ

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಎಡ್ಮಂಟನ್ನಿಂದ ಯೆಲ್ಲೋಹೆಡ್ ಹೆದ್ದಾರಿಯಲ್ಲಿ (ಹೆದ್ದಾರಿ 16) ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ವೆಗ್ರೆವಿಲ್ ಸಿಗುತ್ತದೆ. ಗೋಧಿ, ಬಾರ್ಲಿ, ಕನೋಲಾ ಬೆಳೆಯುವ ಸೀಮೆಯ ಪುಟ್ಟ ಪೇಟೆ. 1894ರಲ್ಲಿ ಅಮೆರಿಕದ ಕ್ಯಾನ್ಸಸ್‌ನಿಂದ ಬಂದ ಫ್ರೆಂಚ್ ರೈತರು ಇಲ್ಲಿ ಮೊದಲು ಬೇರೂರಿದರು. ಊರಿಗಿರುವುದೂ ಒಬ್ಬ ಫ್ರೆಂಚ್ ಪಾದ್ರಿಯ ಹೆಸರೇ. ಆದರೆ ಸುತ್ತಲಿನ ಹೊಲಗಳನ್ನು ತುಂಬಿದವರು ಬಹುಪಾಲು ಉಕ್ರೇನಿಯನ್ ರೈತರು. ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ ಗ್ಯಾಲಿಷಿಯಾ, ಬುಕೊವಿನಾ ಎಂಬ ಎರಡು ಸೀಮೆಗಳಿಂದ ಬಂದವರು. 1891ರಲ್ಲಿ ನೆಬಿಲಿವ್ ಎಂಬ ಹಳ್ಳಿಯ ಇವಾನ್ ಪಿಲಿಪಿವ್ ಮತ್ತು ವಾಸಿಲ್ ಎಲೆನ್ಯಾಕ್ ಕೆನಡಾದ ನೆಲ ನೋಡಿಕೊಂಡು ಹೋಗಲು ಬಂದರು. ಅವರ ಸುದ್ದಿ ಕೇಳಿ ಹೊರಟವರು ಎಡ್ಮಂಟನ್ನಿನ ಈಶಾನ್ಯಕ್ಕಿರುವ, ಈಗ ಸ್ಟಾರ್ ಎನ್ನುವ ಜಾಗದ ಸುತ್ತ ನೆಲೆ ನಿಂತರು. ಅಲ್ಲಿಂದ ಆ ವಸಾಹತು ಪೂರ್ವಕ್ಕೆ ಹಬ್ಬುತ್ತ ವೆಗ್ರೆವಿಲ್ ದಾಟಿತು.

ಎಡ್ಮಂಟನ್, ಕ್ಯಾಲ್ಗರಿಗಳಲ್ಲಿ ಈಗ ಕನ್ನಡದ ಮನೆಗಳು ಸಾಕಷ್ಟಿವೆ. ಸೊಸೆಯ ತವರಿನವರು ಈ ಸೀಮೆಯವರಿರಬಹುದು, ಮಗಳಿಗೆ ಶಾಲೆಯ ಪ್ರಾಜೆಕ್ಟ್ ಇರಬಹುದು, ಊರಾಚೆ ಒಂದೆರಡು ಎಕರೆ ಕೊಂಡು ಇದು ಮೊದಲು ಯಾರದಾಗಿತ್ತು ಎಂಬ ಕುತೂಹಲ ಹುಟ್ಟಿರಬಹುದು. ಕಾರಣ ಯಾವುದಾದರೂ ದಾರಿ ಒಂದೇ: ಮೊದಲು ಹೊಲದ ನಂಬರು ಹಿಡಿಯಬೇಕು. ಹೆಸರಿನಿಂದ ಶುರು ಮಾಡಿ ಹೆಸರಿನಲ್ಲೇ ಸಿಕ್ಕಿಕೊಂಡವರು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಇಲ್ಲಿ ಮನುಷ್ಯನ ಹೆಸರು ಕಾಗದದಿಂದ ಕಾಗದಕ್ಕೆ ಬದಲಾಗುತ್ತದೆ, ಹೊಲದ ನಂಬರು ಬದಲಾಗುವುದಿಲ್ಲ.

ನಂಬರು ಓದುವ ಕ್ರಮ

ಡೊಮಿನಿಯನ್ ಲ್ಯಾಂಡ್ ಸರ್ವೆ 1871ರಲ್ಲಿ ಶುರುವಾಯಿತು. ಇಡೀ ಪ್ರೇರಿಯನ್ನು, ಅಂದರೆ ಪಶ್ಚಿಮ ಕೆನಡಾದ ಹುಲ್ಲುಬಯಲನ್ನು, ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಕತ್ತರಿಸಿದರು. ಈ ಚೌಕವೇ ಟೌನ್‌ಶಿಪ್. ಟೌನ್ ಎಂಬ ಶಬ್ದ ಇದೆಯೆಂದು ಅಲ್ಲಿ ಪೇಟೆ ಹುಡುಕಬೇಡಿ. ಒಂದು ಟೌನ್‌ಶಿಪ್‌ನಲ್ಲಿ ಒಂದೊಂದು ಚದರ ಮೈಲಿಯ, ಅಂದರೆ 640 ಎಕರೆಯ, 36 ಸೆಕ್ಷನ್‌ಗಳು. ಸೆಕ್ಷನ್ ನಾಲ್ಕು ಭಾಗವಾದರೆ 160 ಎಕರೆಯ ಕ್ವಾರ್ಟರ್. ಒಂದು ಸಂಸಾರಕ್ಕೆ ಸರ್ಕಾರ ಕೊಡುತ್ತಿದ್ದದ್ದು ಒಂದು ಕ್ವಾರ್ಟರ್. ಹಾಗೆ ಪಡೆದ ಹೊಲವೇ ಹೋಮ್‌ಸ್ಟೆಡ್.

ಗುರುತು ಹೀಗಿರುತ್ತದೆ: ಈಶಾನ್ಯ 22-54-15-ಪ4. ಉದಾಹರಣೆಗೆಂದು ತೆಗೆದುಕೊಂಡ ನಂಬರು ಇದು, ವೆಗ್ರೆವಿಲ್‌ನ ವಾಯವ್ಯಕ್ಕೆ ಬೀಳುತ್ತದೆ. ಹಿಂದಿನಿಂದ ಮುಂದಕ್ಕೆ ಓದಿ. ಪ4 ಎಂದರೆ ನಾಲ್ಕನೇ ಮೆರಿಡಿಯನ್ನಿನ ಪಶ್ಚಿಮಕ್ಕೆ. ನಾಲ್ಕನೇ ಮೆರಿಡಿಯನ್ ಪಶ್ಚಿಮ ರೇಖಾಂಶ 110 ಡಿಗ್ರಿ. ಸಸ್ಕ್ಯಾಚೆವನ್ ಮತ್ತು ಆಲ್ಬರ್ಟಾದ ಗಡಿಯೇ ಅದು. ಐದನೆಯದು 114ರಲ್ಲಿ, ಆರನೆಯದು 118ರಲ್ಲಿ. 15 ಎಂದರೆ ರೇಂಜ್: ಆ ಗಡಿಯಿಂದ ಪಶ್ಚಿಮಕ್ಕೆ ಟೌನ್‌ಶಿಪ್‌ಗಳ ಹದಿನೈದನೇ ಸಾಲು. 54 ಎಂದರೆ ಅಮೆರಿಕದ ಗಡಿಯಾದ 49ನೇ ಅಕ್ಷಾಂಶದಿಂದ ಉತ್ತರಕ್ಕೆ ಐವತ್ನಾಲ್ಕನೇ ಟೌನ್‌ಶಿಪ್. ರಸ್ತೆಗೆ ಬಿಟ್ಟ ಜಾಗವೂ ಸೇರಿ ಒಂದು ಟೌನ್‌ಶಿಪ್ ಉತ್ತರ ದಕ್ಷಿಣವಾಗಿ ಸುಮಾರು 9.7 ಕಿಲೋಮೀಟರ್. ಮ್ಯಾಪ್ ಕೈಲಿಲ್ಲದಿದ್ದರೂ ಇದರಿಂದ ಗುಣಿಸಿದರೆ ಜಾಗದ ಅಂದಾಜು ಸಿಗುತ್ತದೆ.

ಇನ್ನು 22. ಸೆಕ್ಷನ್‌ಗಳ ಎಣಿಕೆ ಆಗ್ನೇಯ ಮೂಲೆಯಿಂದ ಶುರು. 1ರಿಂದ 6ರವರೆಗೆ ಪಶ್ಚಿಮಕ್ಕೆ. 6ರ ನೆತ್ತಿಯ ಮೇಲೆ 7, ಅಲ್ಲಿಂದ 12ರವರೆಗೆ ಪೂರ್ವಕ್ಕೆ. ಮತ್ತೆ 13ರಿಂದ ಪಶ್ಚಿಮಕ್ಕೆ. ಉಳುವ ಎತ್ತು ಸಾಲಿನ ಕೊನೆಯಲ್ಲಿ ತಿರುಗಿ ಪಕ್ಕದ ಸಾಲಿಗೆ ಬರುವ ಹಾಗೆ. 36 ಈಶಾನ್ಯ ಮೂಲೆಯಲ್ಲಿ ಮುಗಿಯುತ್ತದೆ. ಅಮೆರಿಕದ ಸರ್ವೆಯಲ್ಲಿ ಎಣಿಕೆ ಈಶಾನ್ಯದಿಂದ ಶುರುವಾಗುತ್ತದೆ, ಆದ್ದರಿಂದ ನೆಬ್ರಾಸ್ಕಾ, ಡಕೋಟಾಗಳ ಚಿತ್ರ ನೋಡಿಕೊಂಡು ಇಲ್ಲಿ ಸೆಕ್ಷನ್ ಹುಡುಕಿದರೆ ದಾರಿ ತಪ್ಪುತ್ತದೆ. ನಮ್ಮ 22 ಕೆಳಗಿನಿಂದ ನಾಲ್ಕನೇ ಸಾಲಿನಲ್ಲಿ, ಪೂರ್ವದಿಂದ ಮೂರನೆಯದು. ಅದರ ಈಶಾನ್ಯ ಕಾಲುಭಾಗ ನಮಗೆ ಬೇಕಾದ ಕ್ವಾರ್ಟರ್.

ಎಲ್ಲರೂ ಎಡವುವ ಜಾಗ ಒಂದಿದೆ. ಆಲ್ಬರ್ಟಾದ ಈಗಿನ ಟೈಟಲ್ ಪತ್ರಗಳಲ್ಲಿ ಇದೇ ಹೊಲವನ್ನು 4;15;54;22;ಈಶಾನ್ಯ ಎಂದು ಬರೆಯುತ್ತಾರೆ. ಕ್ರಮ ಪೂರ್ತಿ ತಿರುವುಮುರುವು. ರೇಂಜ್ ಮತ್ತು ಟೌನ್‌ಶಿಪ್ ಅದಲುಬದಲಾದರೆ ಸಿಗುವುದು ಇಲ್ಲದ ಜಾಗದ ನಂಬರು, ಇಲ್ಲವೇ ನೂರಾರು ಕಿಲೋಮೀಟರ್ ಆಚೆಯ ಹೊಲ. ನಂಬರು ನಕಲು ಮಾಡುವಾಗ ಪ್ರತಿ ಅಂಕಿಯ ಮುಂದೆ ಅದು ಏನೆಂದು ಬರೆದಿಡಿ.

ನಂಬರು ಇಲ್ಲದಿದ್ದರೆ

ಮನೆಯವರಲ್ಲಿ ಯಾರ ಬಳಿಯಾದರೂ ಹಳೆಯ ತೆರಿಗೆ ಚೀಟಿ, ವಿಮೆ ಪತ್ರ, ಧಾನ್ಯ ಮಾರಿದ ಪರ್ಮಿಟ್ ಪುಸ್ತಕ ಇದೆಯೇ ಕೇಳಿ. ಅದರ ಮೇಲೆ ಹೊಲದ ಗುರುತು ಇದ್ದೇ ಇರುತ್ತದೆ. ಇಲ್ಲವಾದರೆ ಜನಗಣತಿಗೆ ಹೋಗಿ. 1906 ಮತ್ತು 1916ರಲ್ಲಿ ಪ್ರೇರಿ ಪ್ರಾಂತ್ಯಗಳಿಗೆಂದೇ ಪ್ರತ್ಯೇಕ ಗಣತಿ ನಡೆಯಿತು. ಅವುಗಳಲ್ಲಿ ಸೆಕ್ಷನ್, ಟೌನ್‌ಶಿಪ್, ರೇಂಜ್, ಮೆರಿಡಿಯನ್ನುಗಳಿಗೆ ಕಾಲಂ ಇದೆ. ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾ ಇವನ್ನು ಉಚಿತವಾಗಿ ಅಂತರ್ಜಾಲದಲ್ಲಿ ಇಟ್ಟಿದೆ. ಹೆಸರು ಹುಡುಕುವ ಕಷ್ಟ ಬರುವುದು ಇಲ್ಲೇ, ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಗಣತಿದಾರ ಸಾಮಾನ್ಯವಾಗಿ ಇಂಗ್ಲಿಷಿನವನು. ಗ್ಯಾಲಿಷಿಯಾದವರ ಕಾಗದಗಳು ಪೋಲಿಷ್ ಬರಹದಲ್ಲಿ, ಬುಕೊವಿನಾದವರದು ಜರ್ಮನ್ ಅಥವಾ ರೊಮೇನಿಯನ್ ಬರಹದಲ್ಲಿ. ರೈತನ ಬಾಯಲ್ಲಿದ್ದದ್ದು ಉಕ್ರೇನಿಯನ್. ಹೀಗಾಗಿ 'ವ' ಸದ್ದಿಗೆ ಡಬ್ಲ್ಯುವೂ ಬರುತ್ತದೆ, ವಿಯೂ ಬರುತ್ತದೆ. 'ಹ' ಸದ್ದಿನ ಜಾಗದಲ್ಲಿ ಎಚ್ ಅಥವಾ ಜಿ. 'ಚ'ಕ್ಕೆ ಸಿ-ಜ಼ೆಡ್, ಸಿ-ಎಚ್, ಟಿ-ಎಸ್-ಸಿ-ಎಚ್ ಯಾವುದಾದರೂ ಇರಬಹುದು. ಕೊನೆಯ 'ಸ್ಕಿ'ಯನ್ನು ಐದಾರು ಥರ ಬರೆದಿದ್ದಾರೆ. ಮೊದಲ ಹೆಸರುಗಳೂ ಹಾಗೆಯೇ: ಇವಾನ್ ಜಾನ್ ಆಗುತ್ತಾನೆ, ವಾಸಿಲ್ ವಿಲಿಯಂ ಆಗುತ್ತಾನೆ, ದ್ಮಿತ್ರೊ ಮೆಟ್ರೊ ಆಗುತ್ತಾನೆ, ಹ್ರಿಹೊರಿ ಹ್ಯಾರಿಯೋ ಜಾರ್ಜೋ ಆಗುತ್ತಾನೆ. ಆದ್ದರಿಂದ ಪೂರ್ತಿ ಹೆಸರು ಟೈಪ್ ಮಾಡಬೇಡಿ. ಗಟ್ಟಿಯಾಗಿ ಕೇಳುವ ಎರಡು ಮೂರು ವ್ಯಂಜನ ಕೊಟ್ಟು ಉಳಿದಲ್ಲಿ ನಕ್ಷತ್ರ ಚಿಹ್ನೆ ಹಾಕಿ. ಅದೂ ಸೋತರೆ ಹೆಂಡತಿ ಮಕ್ಕಳ ವಯಸ್ಸು, ಬಂದ ವರ್ಷ ಇವುಗಳಿಂದ ಸಂಸಾರವನ್ನು ಗುರುತಿಸಿ. ರಾಷ್ಟ್ರೀಯತೆಯ ಕಾಲಮ್ಮಿನಲ್ಲಿ 'ಉಕ್ರೇನಿಯನ್' ಎಂದು ಹುಡುಕಿ ಫಲವಿಲ್ಲ. ಆಸ್ಟ್ರಿಯನ್, ಗ್ಯಾಲಿಷಿಯನ್, ರುಥೇನಿಯನ್, ಬುಕೊವಿನಿಯನ್, ಒಮ್ಮೊಮ್ಮೆ ರಷ್ಯನ್ ಅಥವಾ ಪೋಲಿಷ್ ಎಂದೂ ಬರೆದಿರುತ್ತಾರೆ.

1917ರ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ ಎಂದು ಆ ಸಂಸಾರ ಊರು ಬಿಟ್ಟಿತ್ತೆಂದು ತೀರ್ಮಾನಿಸಬೇಡಿ. ಆ ವರ್ಷದ ಯುದ್ಧಕಾಲದ ಚುನಾವಣಾ ಕಾಯಿದೆ, ಶತ್ರು ರಾಷ್ಟ್ರದಲ್ಲಿ ಹುಟ್ಟಿ 1902ರ ಮಾರ್ಚ್ ನಂತರ ಕೆನಡಾ ಪೌರತ್ವ ಪಡೆದವರ ಮತವನ್ನೇ ಕಿತ್ತುಕೊಂಡಿತು. ಆಸ್ಟ್ರಿಯಾದ ಪ್ರಜೆಗಳಾಗಿ ಬಂದ ಇವರಲ್ಲಿ ಬಹಳ ಮಂದಿ ಅದರಲ್ಲಿ ಬಿದ್ದರು. 1914ರಿಂದ 1920ರ ನಡುವೆ ಕೆನಡಾ ಶಿಬಿರಗಳಲ್ಲಿ ಕೂಡಿಹಾಕಿದ 8,579 ಮಂದಿಯಲ್ಲೂ ದೊಡ್ಡ ಪಾಲು ಉಕ್ರೇನಿಯನ್ನರದೇ.

ಹೋಮ್‌ಸ್ಟೆಡ್ ಕಡತ

ನಂಬರು ಸಿಕ್ಕಿತೆನ್ನಿ. ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾದ ಪಶ್ಚಿಮ ಕೆನಡಾ ಭೂದಾನ ದತ್ತಾಂಶದಲ್ಲಿ (1870-1930) ಹೆಸರು ಬಿಟ್ಟು ಬರೀ ಸೆಕ್ಷನ್, ಟೌನ್‌ಶಿಪ್, ರೇಂಜ್, ಮೆರಿಡಿಯನ್ ತುಂಬಿ ಹುಡುಕಿ. ಆ ಕ್ವಾರ್ಟರಿನ ಪಟ್ಟಾ, ಇಲ್ಲಿಯ ಮಾತಲ್ಲಿ ಪೇಟೆಂಟ್, ಯಾರ ಹೆಸರಿಗಾಯಿತೆಂದು ತಿಳಿಯುತ್ತದೆ. ಆದರೆ ಅದು ಒಂದು ಸಾಲಿನ ದಾಖಲೆ ಅಷ್ಟೇ. ನಿಜವಾದ ನಿಧಿ ಹೋಮ್‌ಸ್ಟೆಡ್ ಕಡತದಲ್ಲಿದೆ. ಆಲ್ಬರ್ಟಾ ಜೀನಿಯಲಾಜಿಕಲ್ ಸೊಸೈಟಿಯ ಸೂಚಿಯಲ್ಲಿ ಕಡತದ ನಂಬರು ಮತ್ತು ಮೈಕ್ರೋಫಿಲ್ಮ್ ರೀಲಿನ ನಂಬರು ಸಿಗುತ್ತದೆ. ರೀಲುಗಳು ಎಡ್ಮಂಟನ್ನಿನ ಪ್ರಾವಿನ್ಶಿಯಲ್ ಆರ್ಕೈವ್ಸ್‌ನಲ್ಲಿವೆ. ಆನ್ಸೆಸ್ಟ್ರಿ ಎಂಬ ವಂಶಾವಳಿ ಜಾಲತಾಣದ ಚಂದಾ ಇದ್ದವರಿಗೆ ಮನೆಯಲ್ಲೇ ಚಿತ್ರಗಳು ಸಿಗುತ್ತವೆ.

ಕಡತ ಓದುವ ಮೊದಲು ನಿಯಮ ತಿಳಿದಿರಲಿ. 1872ರ ಡೊಮಿನಿಯನ್ ಲ್ಯಾಂಡ್ಸ್ ಕಾಯಿದೆಯ ಪ್ರಕಾರ 10 ಡಾಲರ್ ಕಟ್ಟಿ ಕ್ವಾರ್ಟರ್ ಬರೆಸಿಕೊಳ್ಳಬೇಕು. ಮೂರು ವರ್ಷ, ವರ್ಷಕ್ಕೆ ಆರು ತಿಂಗಳು ಅಲ್ಲಿ ವಾಸಿಸಬೇಕು. ಮನೆ ಕಟ್ಟಬೇಕು. ಕಾಲಕ್ಕೆ ತಕ್ಕಂತೆ 15ರಿಂದ 30 ಎಕರೆ ನೆಲ ಒಡೆದು ಉಳಬೇಕು. ಕೊನೆಗೆ ಬ್ರಿಟಿಷ್ ಪ್ರಜೆಯಾಗಿರಬೇಕು, ಅಂದರೆ ವಿದೇಶಿಯರು ಪೌರತ್ವ ಪಡೆದಿರಬೇಕು. ಹದಿನೆಂಟು ತುಂಬಿದ ಗಂಡಸರಿಗೆ ಈ ಹಕ್ಕಿತ್ತು. ಹೆಂಗಸರಿಗೆ, ಮಕ್ಕಳಿರುವ ವಿಧವೆಯಂತೆ ಸಂಸಾರದ ಯಜಮಾನಿಯಾಗಿದ್ದರೆ ಮಾತ್ರ. ಆದ್ದರಿಂದ ಕಡತದಲ್ಲಿ ಹೆಂಗಸಿನ ಹೆಸರು ಕಂಡರೆ ಗಂಡನ ಸಾವಿನ ದಾಖಲೆಯನ್ನು ಹತ್ತಿರದ ವರ್ಷಗಳಲ್ಲಿ ಹುಡುಕಿ.

ಕಡತದ ಹೃದಯಭಾಗ ಪೇಟೆಂಟ್ ಅರ್ಜಿಯ ಜತೆಗಿನ ಪ್ರಮಾಣಪತ್ರ. ವಯಸ್ಸು, ಸಂಸಾರದ ತಲೆ ಎಣಿಕೆ, ಮನೆ ಕಟ್ಟಿ ಒಳಹೊಕ್ಕ ತಿಂಗಳು, ಪ್ರತಿ ವರ್ಷ ಎಷ್ಟು ಎಕರೆ ಒಡೆದರು, ಎಷ್ಟಕ್ಕೆ ಬಿತ್ತಿದರು, ಎಷ್ಟು ದನ, ಕುದುರೆ, ಹಂದಿ, ಮನೆಯ ಉದ್ದಗಲ ಮತ್ತು ಬೆಲೆ, ಕೊಟ್ಟಿಗೆ, ಕಣಜ, ಬಾವಿ, ಬೇಲಿ ಎಲ್ಲ ಅದರಲ್ಲಿರುತ್ತವೆ. ಇಬ್ಬರು ನೆರೆಯವರ ಸಾಕ್ಷಿ ಹೇಳಿಕೆಯೂ ಇರುತ್ತದೆ. ಆ ಸಾಕ್ಷಿಗಳನ್ನು ಹಗುರವಾಗಿ ಕಾಣಬೇಡಿ. ಬಹಳ ಸಲ ಅವರು ಅದೇ ಹಳೇ ಹಳ್ಳಿಯವರು, ಭಾವಮೈದುನರು, ಬೀಗರು. ಅವರ ಹೊಲದ ನಂಬರೂ ಅಲ್ಲೇ ಬರೆದಿರುತ್ತದೆ. ಅವರ ಕಡತವನ್ನೂ ತರಿಸಿ ಓದಿ. ಒಂದು ಕಡತದಲ್ಲಿ ಮುಚ್ಚಿಹೋದ ಸಂಬಂಧ ಇನ್ನೊಂದರಲ್ಲಿ ತೆರೆದುಕೊಳ್ಳುತ್ತದೆ.

ಅಂಚೆ ವಿಳಾಸ ಎಂದು ಬರೆದ ಊರು ಈಗ ನಕ್ಷೆಯಲ್ಲಿ ಇಲ್ಲದಿರಬಹುದು. ರೈತನ ಮನೆಯ ಒಂದು ಮೂಲೆಯಲ್ಲೇ ಅಂಚೆ ಕಚೇರಿ ನಡೆಯುತ್ತಿದ್ದ ಕಾಲ ಅದು. ಆದರೆ ಆ ಹೆಸರು ಕೈಬಿಡಬೇಡಿ: ಶಿಪೆನಿಟ್ಸ್, ಸ್ನ್ಯಾಟಿನ್ ಇಂಥ ಹೆಸರುಗಳು ವಲಸೆಗಾರರು ಬಿಟ್ಟು ಬಂದ ಊರುಗಳವು. ಅಲ್ಲಿನ ಮೊದಲ ಸಂಸಾರಗಳ ಮೂಲ ಹಳ್ಳಿಗೆ ಅದೇ ಸುಳಿವು.

ಪೇಟೆಂಟ್ ತಾರೀಕನ್ನು ಕೆನಡಾಕ್ಕೆ ಬಂದ ತಾರೀಕೆಂದು ಎಷ್ಟೋ ವಂಶಾವಳಿಗಳಲ್ಲಿ ಬರೆದುಬಿಟ್ಟಿದ್ದಾರೆ. ಪೇಟೆಂಟ್ ಬರುವುದು ಕನಿಷ್ಠ ಮೂರು ವರ್ಷ ಕಳೆದ ಮೇಲೆ, ಪೌರತ್ವ ತಡವಾದರೆ ಇನ್ನೂ ಮುಂದೆ. ಮತ್ತೊಂದು: ಒಂದೇ ಕಡತದಲ್ಲಿ ಇಬ್ಬರು ಮೂವರ ಹೆಸರಿದ್ದರೆ ಗಾಬರಿ ಬೇಡ. ಬರೆಸಿಕೊಂಡ ಹೋಮ್‌ಸ್ಟೆಡ್‌ಗಳಲ್ಲಿ ಹತ್ತಕ್ಕೆ ಸುಮಾರು ನಾಲ್ಕು ರದ್ದಾದವು. ಮೊದಲಿನವನು ಚಳಿಗೋ ಸಾಲಕ್ಕೋ ಸೋತು ಹೋದ, ಇನ್ಸ್‌ಪೆಕ್ಟರ್ ಬಂದು ನೋಡಿ ರದ್ದು ಮಾಡಿದ, ಇನ್ನೊಬ್ಬ ಬಂದ. ಸೋತವರ ಕಥೆ ಸಿಗುವುದು ಇಲ್ಲಿ ಮಾತ್ರ; ಪೇಟೆಂಟ್ ಪಟ್ಟಿಯಲ್ಲಿ ಅವರಿರುವುದಿಲ್ಲ.

ಕಡತವೇ ಸಿಗದಿದ್ದರೆ ಸೆಕ್ಷನ್ ನಂಬರು ಬೆಸವೇ ಸಮವೇ ನೋಡಿ. ಹೋಮ್‌ಸ್ಟೆಡ್‌ಗೆ ತೆರೆದಿದ್ದವು ಸಮ ಸಂಖ್ಯೆಯ ಸೆಕ್ಷನ್‌ಗಳು. ಬೆಸ ಸೆಕ್ಷನ್‌ಗಳನ್ನು ರೈಲ್ವೆ ಕಂಪನಿಗಳ ಪಾಲಿಗೆ ಕಾದಿರಿಸಿದ್ದರು, 1908ರ ಕಾಯಿದೆಯ ನಂತರ ಉಳಿದವು ತೆರೆದವು. ಕೆನೇಡಿಯನ್ ಪೆಸಿಫಿಕ್ ರೈಲ್ವೆ ಮಾರಿದ ಜಮೀನಿನ ದಾಖಲೆ ಕ್ಯಾಲ್ಗರಿಯ ಗ್ಲೆನ್‌ಬೋ ಸಂಗ್ರಹದಲ್ಲಿದೆ. 11 ಮತ್ತು 29 ಶಾಲೆಗಳ ಖರ್ಚಿಗೆ ಮೀಸಲು. 8 ಪೂರ್ತಿ ಮತ್ತು 26ರ ಬಹುಭಾಗ ಹಡ್ಸನ್ಸ್ ಬೇ ಕಂಪನಿಯದು. ಈ ನಾಲ್ಕರಲ್ಲಿ ಯಾವುದಾದರೂ ನಿಮ್ಮದಾಗಿದ್ದರೆ ಆ ಸಂಸಾರ ಹೊಲವನ್ನು ದುಡ್ಡು ಕೊಟ್ಟು ಕೊಂಡದ್ದು.

1930ರ ಈಚಿನ ಮಾಲೀಕರು ಬೇಕಾದರೆ ಪಹಣಿ, ಮ್ಯುಟೇಶನ್ ಎಂದು ಕೇಳಿದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ಆಲ್ಬರ್ಟಾದಲ್ಲಿ ಆ ಕೆಲಸ ಮಾಡುವುದು ಲ್ಯಾಂಡ್ ಟೈಟಲ್ಸ್ ಕಚೇರಿ. ಸ್ಪಿನ್-2 ಎಂಬ ಅದರ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ರದ್ದಾದ ಹಳೇ ಟೈಟಲ್ ಒಂದೊಂದಾಗಿ ಹಿಂದಕ್ಕೆ ತೆಗೆಸಬಹುದು. ಪ್ರತಿ ಟೈಟಲ್ ತನ್ನ ಹಿಂದಿನದರ ನಂಬರು ಹೇಳುತ್ತದೆ. ನಡುವಿನ ಕಾಲಕ್ಕೆ ಕಮಿನ್ಸ್ ಕಂಪನಿಯ ಗ್ರಾಮೀಣ ನಕ್ಷೆಗಳಿವೆ. 1920ರ ದಶಕದ ಆಸುಪಾಸಿನ ಆ ನಕ್ಷೆಗಳಲ್ಲಿ ಹೊಲದ ಮೇಲೇ ರೈತನ ಹೆಸರು ಅಚ್ಚಾಗಿದೆ.

ಇಲ್ಲಿ ಒಂದು ಮಾತು. ಕಡತದ ಮೊದಲ ಹಾಳೆ ನೋಡಿದರೆ ಆ ನೆಲ ಯಾರದೂ ಆಗಿರಲಿಲ್ಲ ಎನಿಸುತ್ತದೆ. ಇದು 1876ರಲ್ಲಿ ಮೂಲನಿವಾಸಿಗಳ ಜತೆ ಸರ್ಕಾರ ಮಾಡಿಕೊಂಡ ಆರನೇ ಒಪ್ಪಂದದ ನಾಡು, ಕ್ರೀ ಜನರದು. ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದ ಮೇತೀ ಸಂಸಾರಗಳು ಸರ್ವೆಗಿಂತ ಮೊದಲೇ ಇಲ್ಲಿದ್ದವು. ಮೇತೀ ಜನರಿಗೆ ನೆಲ ಅಥವಾ ಹಣಕ್ಕೆಂದು ಕೊಟ್ಟ ಸ್ಕ್ರಿಪ್ ಚೀಟಿಗಳ ದಾಖಲೆಗಳೂ ಅದೇ ಕೆನಡಾ ಆರ್ಕೈವ್ಸ್‌ನಲ್ಲಿವೆ. ಹೊಲದ ಇತಿಹಾಸ ಬರೆಯುವವರು ಅವನ್ನೂ ತೆಗೆದು ನೋಡಬೇಕು.

ನಂಬರಿನಿಂದ ರಸ್ತೆಗೆ

ಆಲ್ಬರ್ಟಾದ ಹಳ್ಳಿ ರಸ್ತೆಗಳ ಹೆಸರಿನಲ್ಲೇ ಸರ್ವೆ ಅಡಗಿದೆ. ಉತ್ತರ ದಕ್ಷಿಣ ಓಡುವುದು ರೇಂಜ್ ರೋಡ್, ಪೂರ್ವ ಪಶ್ಚಿಮ ಓಡುವುದು ಟೌನ್‌ಶಿಪ್ ರೋಡ್. ರೇಂಜ್ ರೋಡ್ 150 ಎಂದರೆ 15ನೇ ರೇಂಜಿನ ಪೂರ್ವದ ಅಂಚು. ಕೊನೆಯ ಅಂಕಿ ಅಲ್ಲಿಂದ ಪಶ್ಚಿಮಕ್ಕೆ ಎಷ್ಟು ಮೈಲಿ ಎನ್ನುತ್ತದೆ. ಟೌನ್‌ಶಿಪ್ ರೋಡ್ 540 ಎಂದರೆ 54ನೇ ಟೌನ್‌ಶಿಪ್ಪಿನ ದಕ್ಷಿಣದ ಅಂಚು; ಕೊನೆಯ ಅಂಕಿ ಉತ್ತರಕ್ಕೆ ಎಷ್ಟು ಮೈಲಿ ಎನ್ನುತ್ತದೆ. ನಮ್ಮ 22ನೇ ಸೆಕ್ಷನ್ ಪೂರ್ವದಿಂದ ಮೂರನೆಯದು, ಅಂದರೆ ಅದರ ಪೂರ್ವದ ಅಂಚು ಎರಡು ಮೈಲಿ ಒಳಗೆ: ರೇಂಜ್ ರೋಡ್ 152. ಕೆಳಗಿನಿಂದ ನಾಲ್ಕನೇ ಸಾಲು, ಅಂದರೆ ಉತ್ತರದ ಅಂಚು ನಾಲ್ಕು ಮೈಲಿ ಮೇಲೆ: ಟೌನ್‌ಶಿಪ್ ರೋಡ್ 544. ಈ ಎರಡು ರಸ್ತೆ ಕೂಡುವ ಕಡೆ ನಿಂತು ನೈಋತ್ಯಕ್ಕೆ ಮುಖ ಮಾಡಿದರೆ ಎದುರಿಗಿರುವುದೇ ನಮ್ಮ ಕ್ವಾರ್ಟರ್.

ಎರಡು ತೊಡಕುಗಳಿವೆ. ರೇಂಜ್ ರೋಡಿಗೆ ಪ್ರತಿ ಮೈಲಿಗೆ 66 ಅಡಿ ಜಾಗ ಬಿಟ್ಟಿದ್ದಾರೆ, ಟೌನ್‌ಶಿಪ್ ರೋಡಿಗೆ ಎರಡು ಮೈಲಿಗೊಂದು. ಆದ್ದರಿಂದ 541, 543 ಇಂಥ ಬೆಸ ನಂಬರಿನ ರಸ್ತೆ ಸಾಮಾನ್ಯವಾಗಿ ಇರುವುದಿಲ್ಲ. ಬಿಟ್ಟ ಜಾಗದಲ್ಲೆಲ್ಲ ರಸ್ತೆ ಮಾಡಿದ್ದಾರೆಂದೂ ಇಲ್ಲ. ಫೋನಿನ ನಕ್ಷೆ ತೋರಿಸುವ ಗೆರೆ ಬರೀ ಹುಲ್ಲುಪಟ್ಟಿ ಇರಬಹುದು. ಮಳೆ ಬಂದ ಮರುದಿನ ಜಲ್ಲಿ ಹಾಕದ ದಾರಿಗೆ ಕಾರು ಇಳಿಸಿದರೆ ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ. ಎರಡನೆಯದು, ಭೂಮಿ ಗುಂಡಗಿರುವುದರಿಂದ ಮೆರಿಡಿಯನ್ನುಗಳು ಉತ್ತರಕ್ಕೆ ಹೋದಂತೆ ಹತ್ತಿರವಾಗುತ್ತವೆ. ಅದನ್ನು ಸರಿದೂಗಿಸಲು ಪ್ರತಿ 24 ಮೈಲಿಗೆ ತಿದ್ದುಪಡಿ ಗೆರೆಯೊಂದಿದೆ. ಅಲ್ಲಿ ರೇಂಜ್ ರೋಡ್ ತಟ್ಟನೆ ಕೊನೆಯಾಗಿ, ಪಕ್ಕಕ್ಕೆ ಸರಿದು ಮುಂದುವರಿಯುತ್ತದೆ. 54 ಮತ್ತು 55ನೇ ಟೌನ್‌ಶಿಪ್‌ಗಳ ನಡುವಿನದು ಅಂಥ ಗೆರೆ. ರಾತ್ರಿ ಹೊತ್ತು ವೇಗವಾಗಿ ಬಂದವರು ಎದುರಿನ ಹಳ್ಳಕ್ಕೆ ಹೋಗುವುದು ಇಂಥಲ್ಲೇ.

ಹೊಲದಲ್ಲಿ ಏನು ನೋಡಬೇಕು

ಮೊದಲು ಈಗಿನ ಮಾಲೀಕರ ಅನುಮತಿ ಕೇಳಿ. ಬೇಲಿ, ಫಲಕ ಇಲ್ಲದಿದ್ದರೂ ಬಿತ್ತಿದ ಹೊಲಕ್ಕೆ ಕಾಲಿಡುವುದು ಅತಿಕ್ರಮವೇ. ಬೂಟಿನ ಮಣ್ಣು ಪೂರ್ತಿ ತೊಳೆದು ಹೋಗಿ, ಹೊರಡುವಾಗ ಮತ್ತೆ ತೊಳೆಯಿರಿ. ಬಿಸಾಡುವ ಬೂಟುಗವಸು ಇದ್ದರೆ ಉತ್ತಮ. ಕನೋಲಾದ ಬೇರು ಗಂಟಾಗುವ ಕ್ಲಬ್‌ರೂಟ್ ರೋಗ 2003ರಲ್ಲಿ ಎಡ್ಮಂಟನ್ ಸುತ್ತ ಕಾಣಿಸಿಕೊಂಡಿತು. ಅದು ಹರಡುವುದು ಮಣ್ಣಿನಿಂದ, ಒಮ್ಮೆ ಸೇರಿದರೆ ವರ್ಷಗಟ್ಟಲೆ ಹೋಗುವುದಿಲ್ಲ. ರೈತರು ಅಪರಿಚಿತರ ಬೂಟು ಕಂಡು ಮುಖ ಸಿಂಡರಿಸುವುದಕ್ಕೆ ಇದೇ ಕಾರಣ.

ಬಿತ್ತನೆಗೆ ಮುಂಚಿನ ಮೇ ಆರಂಭ ಅಥವಾ ಕೊಯ್ಲಾದ ಅಕ್ಟೋಬರ್ ಒಳ್ಳೆಯ ಸಮಯ. ಹೊಲದ ನಡುವೆ ಉಳದೆ ಬಿಟ್ಟ ಮರಗಳ ಗುಂಪು ಕಂಡರೆ ಅತ್ತ ಹೋಗಿ. ಸಾಲಾಗಿ ನೆಟ್ಟ ಕರಗಾನ ಪೊದೆ, ಲೈಲಾಕ್, ತಾನಾಗಿಯೇ ಉಳಿದ ರೂಬಾರ್ಬ್ ಗಿಡ ಇವು ಹಳೇ ಮನೆಯಂಗಳದ ಗುರುತು. ಹತ್ತಿರದಲ್ಲಿ ಚೌಕನೆಯ ತಗ್ಗು ಇದ್ದರೆ ಅದು ನೆಲಮಾಳಿಗೆಯದ್ದು, ಇಲ್ಲವೇ ಬುರ್ದೇಯ್‌ನದ್ದು. ಮೊದಲ ಚಳಿಗಾಲ ಕಳೆಯಲು ನೆಲ ತೋಡಿ, ಮೇಲೆ ಗಳುಗಳನ್ನು ಒರಗಿಸಿ, ಹುಲ್ಲುಹೆಂಟೆ ಹೊದಿಸಿದ ಗೂಡು ಬುರ್ದೇಯ್. ತಗ್ಗಿನ ಕಡೆ ಮೆಲ್ಲಗೆ ಕಾಲಿಡಿ, ಕೊಳೆತ ಹಲಗೆಯ ಕೆಳಗೆ ಹಳೇ ಬಾವಿ ಇದ್ದೀತು.

ಮನೆ ಇನ್ನೂ ನಿಂತಿದ್ದರೆ ಅದೃಷ್ಟ. ಇವರು ಬಯಲು ಹುಲ್ಲುಗಾವಲು ಬಿಟ್ಟು ಪಾಪ್ಲರ್ ಮರಗಳ ಈ ಪಟ್ಟಿಯನ್ನೇ ಹಿಡಿದದ್ದು ಮರಕ್ಕಾಗಿ: ಉರಿಸಲು, ಕಟ್ಟಲು, ಬೇಲಿಗೆ. ಬಿಟ್ಟು ಬಂದ ಹಳ್ಳಿಯಲ್ಲಿ ಸೌದೆಗೂ ಜಮೀನ್ದಾರನ ಅಪ್ಪಣೆ ಬೇಕಿತ್ತು. ಆ ಮನೆ ದಕ್ಷಿಣಕ್ಕೆ ಮುಖ ಮಾಡಿರುತ್ತದೆ. ದಿಮ್ಮಿಗಳ ಗೋಡೆಗೆ ಜೇಡಿಮಣ್ಣು, ಕತ್ತರಿಸಿದ ಹುಲ್ಲು, ಸಗಣಿ ಕಲಸಿ ಮೆತ್ತಿ ಮೇಲೆ ಸುಣ್ಣ ಬಳಿದಿರುತ್ತಾರೆ. ಸಾಮಾನ್ಯವಾಗಿ ಎರಡು ಕೋಣೆ. ಒಂದರಲ್ಲಿ ಪೀಚ್ ಎಂಬ ಮಣ್ಣಿನ ದೊಡ್ಡ ಒಲೆ, ಅದರ ಮೇಲೇ ಮಲಗುವ ಜಾಗ. ಆಮೇಲೆ ಹೊರಗೆ ಹಲಗೆ ಹೊಡೆದು ಇಂಗ್ಲಿಷ್ ಮನೆಯಂತೆ ಮಾಡಿದವರೂ ಇದ್ದಾರೆ. ಗುಟ್ಟು ರಟ್ಟಾಗುವುದು ಕಿಟಕಿಯಲ್ಲಿ: ಗೋಡೆಯ ದಪ್ಪ ತೀರ ಹೆಚ್ಚಿದ್ದರೆ ಒಳಗೆ ದಿಮ್ಮಿ ಇದೆ. ಅಳತೆ ತೆಗೆದು ಕಡತದ ಉದ್ದಗಲದ ಜತೆ ಹೋಲಿಸಿ. ತಾಳೆಯಾದರೆ ಅದೇ ಮನೆ. ಏನೂ ಉಳಿದಿಲ್ಲವಾದರೆ ಹೆದ್ದಾರಿ 16ರ ಉಕ್ರೇನಿಯನ್ ಕಲ್ಚರಲ್ ಹೆರಿಟೇಜ್ ವಿಲೇಜ್‌ಗೆ ಹೋಗಿ. ಬುರ್ದೇಯ್‌ನಿಂದ ಹಿಡಿದು ಎಲಿವೇಟರ್ ಎನ್ನುವ ಎತ್ತರದ ಧಾನ್ಯದ ಉಗ್ರಾಣದವರೆಗೆ ಇದೇ ಸೀಮೆಯ ಕಟ್ಟಡಗಳನ್ನು ಅಲ್ಲಿ ನಿಲ್ಲಿಸಿದ್ದಾರೆ. ತೆರೆಯುವುದು ಬೇಸಿಗೆಯಲ್ಲಿ.

ಸರ್ವೆಯ ಕಬ್ಬಿಣದ ಗೂಟ ಮೂಲೆಯಲ್ಲಿ ಕಂಡರೆ ಫೋಟೋ ತೆಗೆಯಿರಿ, ಅಲುಗಿಸಬೇಡಿ. ಅದನ್ನು ಕೀಳುವುದು ಅಪರಾಧ.

ಚರ್ಚು ಮತ್ತು ಗೋರಿ

ಗ್ಯಾಲಿಷಿಯಾದವರು ಬಹುಪಾಲು ಗ್ರೀಕ್ ಕ್ಯಾಥಲಿಕ್, ಬುಕೊವಿನಾದವರು ಆರ್ಥೊಡಾಕ್ಸ್. ಎರಡು ಚರ್ಚಿಗೂ ಗುಮ್ಮಟ, ಪಕ್ಕದಲ್ಲಿ ಬೇರೆಯದೇ ಗಂಟೆಗೋಪುರ. ಹೊರಗಿನಿಂದ ನೋಡಿ ಹೇಳುವುದು ಕಷ್ಟ. ಸಾಲದ್ದಕ್ಕೆ ಪಂಗಡ ಬದಲಾವಣೆಯೂ ಬಹಳ. ಸ್ಟಾರ್‌ನ ಚರ್ಚು ಯಾರದೆಂಬ ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಗಿ ಆರ್ಥೊಡಾಕ್ಸ್ ಕಡೆಗೆ ತೀರ್ಪಾಯಿತು. 1918ರಲ್ಲಿ ಉಕ್ರೇನಿಯನ್ ಆರ್ಥೊಡಾಕ್ಸ್ ಚರ್ಚೇ ಬೇರೆಯಾಗಿ ಹುಟ್ಟಿತು. ಹೀಗಾಗಿ ದೊಡ್ಡ ಮಗನ ನಾಮಕರಣ ಒಂದು ರಿಜಿಸ್ಟರಿನಲ್ಲಿ, ಚಿಕ್ಕವನದು ಇನ್ನೊಂದರಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ಕ್ವಾರ್ಟರಿನಿಂದ ಎಂಟು ಹತ್ತು ಮೈಲಿಯೊಳಗಿನ ಎಲ್ಲ ಚರ್ಚುಗಳನ್ನೂ ನೋಡಬೇಕು.

ಒಂದೇ ಮಗುವಿನ ಎರಡು ದಾಖಲೆಗಳಲ್ಲಿ 12 ಅಥವಾ 13 ದಿನದ ವ್ಯತ್ಯಾಸ ಕಂಡರೆ ಅದು ತಪ್ಪಲ್ಲ, ಜೂಲಿಯನ್ ಪಂಚಾಂಗ. 1900ರ ಫೆಬ್ರವರಿವರೆಗೆ ವ್ಯತ್ಯಾಸ 12 ದಿನ, ಆಮೇಲೆ 13.

ಗೋರಿಕಲ್ಲು ಸಿರಿಲಿಕ್ ಲಿಪಿಯಲ್ಲಿರುತ್ತದೆ. ಪೂರ್ತಿ ಕಲಿಯದೆಯೂ ಹೆಸರು ಬಿಡಿಸಬಹುದು. ಮೋಸ ಮಾಡುವ ಅಕ್ಷರಗಳಿವು: ಇಂಗ್ಲಿಷ್ ಎಚ್‌ನಂತೆ ಕಾಣುವುದು 'ನ', ಪಿಯಂತೆ ಕಾಣುವುದು 'ರ', ಸಿಯಂತೆ ಕಾಣುವುದು 'ಸ', ಬಿಯಂತೆ ಕಾಣುವುದು 'ವ', ವೈಯಂತೆ ಕಾಣುವುದು 'ಉ', ಎಕ್ಸ್‌ನಂತೆ ಕಾಣುವುದು 'ಖ'. ನೇಣುಗಂಬದ ಆಕಾರದ್ದು 'ಹ'. ಬಾಗಿಲ ಚೌಕಟ್ಟಿನ ಆಕಾರದ್ದು 'ಪ'. ಮೂರು ಹಲ್ಲಿನ ಬಾಚಣಿಗೆ 'ಶ'. ಮೇಲ್ಗಡೆ 'ತುತ್ ಸ್ಪೊಚಿವಾಯೆ' ಇದ್ದರೆ ಇಲ್ಲಿ ವಿಶ್ರಮಿಸಿದ್ದಾರೆ ಎಂದು, ಕೆಳಗೆ 'ವಿಚ್ನಾ ಪಾಮ್ಯಾತ್' ಇದ್ದರೆ ಸದಾ ನೆನಪಿನಲ್ಲಿ ಎಂದು. 'ಪೊಮೆರ್' ಗಂಡಸು ತೀರಿಕೊಂಡದ್ದು, 'ಪೊಮೆರ್ಲಾ' ಹೆಂಗಸು.

ಹಳೆಯವು ಬಹಳಷ್ಟು ಕಾಂಕ್ರೀಟ್ ಶಿಲುಬೆಗಳು, ಹಸಿ ಇರುವಾಗ ಅಕ್ಷರ ಒತ್ತಿದ್ದು. ಅವಕ್ಕೆ ಸೀಮೆಸುಣ್ಣ ಉಜ್ಜಬೇಡಿ, ತಂತಿ ಬ್ರಷ್ ಬೇಡ, ಬ್ಲೀಚ್ ಖಂಡಿತ ಬೇಡ; ಮೇಲ್ಪದರ ಉದುರಿ ಇದ್ದ ಅಕ್ಷರವೂ ಹೋಗುತ್ತದೆ. ಬರೀ ನೀರು, ಮೆತ್ತನೆ ಬ್ರಷ್. ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಬೆಳಕು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ. ನಡುಹಗಲಾದರೆ ಒಬ್ಬರು ಪಕ್ಕದಿಂದ ಕನ್ನಡಿ ಹಿಡಿದರೆ ಸಾಕು.

ಪೇಟೆ

ಹಳ್ಳಿಗೆ ಪೇಟೆ ಯಾವುದೆಂದು ತೀರ್ಮಾನಿಸಿದ್ದು ರೈಲು. ಕೆನೇಡಿಯನ್ ನಾರ್ದರ್ನ್ ಸಾಲು 1905ರಲ್ಲಿ ಬಂದಾಗ ವೆಗ್ರೆವಿಲ್ ಇದ್ದ ಜಾಗ ಬಿಟ್ಟು ಕೆಲವು ಮೈಲಿ ಆಚೆಗೆ ಹಳಿಯ ಹತ್ತಿರ ಸರಿಯಿತು. ಅದಕ್ಕೂ ಹಳೆಯ ದಾಖಲೆಯಲ್ಲಿ ವೆಗ್ರೆವಿಲ್ ಎಂದಿದ್ದರೆ ಅದು ಈಗಿನ ಪೇಟೆಯಲ್ಲ. ರೈಲಿಗಿಂತ ಮೊದಲು ಬಂದವರು ಇಳಿದದ್ದು ಎಡ್ಮಂಟನ್ನಿನ ಎದುರು ದಡದ ಸ್ಟ್ರಾತ್‌ಕೋನಾದಲ್ಲಿ, ಅಲ್ಲಿಂದ ಎತ್ತಿನ ಬಂಡಿ. ಉತ್ತರದ ವಿಲ್ಲಿಂಗ್ಡನ್ ಪೇಟೆ 1920ರ ದಶಕದ ಕೊನೆಯದು. ಆಗಿನ ಗವರ್ನರ್ ಜನರಲ್ ಹೆಸರು ಅದಕ್ಕೆ. ಅದೇ ವಿಲ್ಲಿಂಗ್ಡನ್ 1913ರಿಂದ 1918ರವರೆಗೆ ಮುಂಬಯಿ ಪ್ರಾಂತ್ಯದ ಗವರ್ನರ್, ಅಂದರೆ ಧಾರವಾಡ ಬೆಳಗಾವಿಗಳಿಗೂ ದೊರೆ. ಯಾರಾದರೂ 1910ರಲ್ಲಿ ವಿಲ್ಲಿಂಗ್ಡನ್‌ನಲ್ಲಿ ಹುಟ್ಟಿದರೆಂದು ವಂಶಾವಳಿ ಹೇಳಿದರೆ ಊರಿನ ಹೆಸರನ್ನು ಆಮೇಲೆ ಸೇರಿಸಿದ್ದಾರೆಂದು ತಿಳಿಯಿರಿ.

ಹಳಿಯ ಪಕ್ಕ ಏಳರಿಂದ ಹತ್ತು ಮೈಲಿಗೊಂದು ಎಲಿವೇಟರ್ ಸಾಲು ಇತ್ತು, ಕುದುರೆ ಬಂಡಿ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರ. ಹಲಗೆಗಳನ್ನು ಮಲಗಿಸಿ ಒಂದರ ಮೇಲೊಂದು ಮೊಳೆ ಹೊಡೆದು ಕಟ್ಟಿದ ಗೋಡೆ. ಧಾನ್ಯದ ಒತ್ತಡಕ್ಕೆ ನಿಲ್ಲಿಸಿದ ಹಲಗೆ ತಡೆಯುವುದಿಲ್ಲ. 1930ರ ದಶಕದಲ್ಲಿ ಪ್ರೇರಿಯಲ್ಲೆಲ್ಲ 5,700ಕ್ಕೂ ಹೆಚ್ಚಿದ್ದವು, ಈಗ ಉಳಿದದ್ದು ಅದರಲ್ಲಿ ಸಣ್ಣ ಪಾಲು. ಗೋಡೆಯ ಮೇಲೆ ಮಾಸಿದ ಊರ ಹೆಸರಿನ ಕೆಳಗೆ ಇನ್ನೂ ಹಳೇ ಕಂಪನಿಯ ಹೆಸರು ಇರಬಹುದು, ಗಮನಿಸಿ.

ವೆಗ್ರೆವಿಲ್‌ನ ದೊಡ್ಡ ಪಿಸಾಂಕಾ, ಅಂದರೆ ಚಿತ್ತಾರ ಬಿಡಿಸಿದ ಈಸ್ಟರ್ ಮೊಟ್ಟೆ, ನೋಡದೆ ಬಂದರೆ ಜತೆಗಿರುವ ಮಕ್ಕಳು ಬಿಡುವುದಿಲ್ಲ. 1975ರಲ್ಲಿ ನಿಲ್ಲಿಸಿದ ಈ ಅಲ್ಯುಮಿನಿಯಂ ಮೊಟ್ಟೆಯ ಲೆಕ್ಕ ಹಾಕಿದವರು ಯೂಟಾ ವಿಶ್ವವಿದ್ಯಾಲಯದ ರಾನ್ ರೆಶ್. ಮೊಟ್ಟೆಯ ಆಕಾರಕ್ಕೆ ಸೂತ್ರವಿಲ್ಲದ್ದರಿಂದ ಕಂಪ್ಯೂಟರಿನಲ್ಲಿ 2,208 ತ್ರಿಕೋನ, 524 ನಕ್ಷತ್ರದ ತುಂಡುಗಳಾಗಿ ಬಿಡಿಸಿದರು. ಗಾಳಿಗೆ ತಿರುಗುತ್ತದೆ, ಆದ್ದರಿಂದ ಗಾಳಿಯಿರುವ ದಿನ ಹೋಗಿ.

ಸಮುದ್ರದಾಚೆ

ಕೊನೆಯ ಹಂತ ಮೂಲ ಹಳ್ಳಿ. ಕೆನಡಾದ ಪೂರ್ವ ತೀರದ ಹ್ಯಾಲಿಫ್ಯಾಕ್ಸ್ ಬಂದರು ಎಂದೊಡನೆ ಎಲ್ಲರೂ ಅಲ್ಲಿ ವಲಸೆಗಾರರು ಇಳಿಯುತ್ತಿದ್ದ ಪಿಯರ್ 21ರ ಪಟ್ಟಿ ಹುಡುಕುತ್ತಾರೆ. ಅದು ತೆರೆದದ್ದೇ 1928ರಲ್ಲಿ, ಈ ವಲಸೆಯ ಬಹುಪಾಲು ಅದಕ್ಕೆ ಮೊದಲೇ ಮುಗಿದಿತ್ತು. ಹ್ಯಾಂಬರ್ಗ್ ಬಂದರಿನ ಹೊರಡುವ ಪಟ್ಟಿ (1850-1934) ಮೊದಲು ನೋಡಿ, ಅದರಲ್ಲಿ ಹಳ್ಳಿಯ ಹೆಸರಿರುತ್ತದೆ. ಕೆನಡಾದ ಇಳಿದ ಪಟ್ಟಿಯಲ್ಲಿ ಬಹಳ ಸಲ ಬರೀ 'ಆಸ್ಟ್ರಿಯಾ' ಅಥವಾ 'ಗ್ಯಾಲಿಷಿಯಾ'. ಹಳ್ಳಿ ಸಿಕ್ಕ ಮೇಲೆ ಅದು ಗ್ಯಾಲಿಷಿಯಾದ್ದೋ ಬುಕೊವಿನಾದ್ದೋ ಖಚಿತಪಡಿಸಿಕೊಳ್ಳಿ. ಗ್ಯಾಲಿಷಿಯಾದ ಗ್ರೀಕ್ ಕ್ಯಾಥಲಿಕ್ ರಿಜಿಸ್ಟರುಗಳಿಗೆ ಮೊದಲು ಲ್ವೀವ್‌ನ ಕೇಂದ್ರ ಐತಿಹಾಸಿಕ ದಫ್ತರಕ್ಕೆ ಬರೆಯಬೇಕು, ಬುಕೊವಿನಾದ್ದಕ್ಕೆ ಚೆರ್ನಿವ್ಟ್ಸಿಗೆ. ಅರ್ಜಿಯಲ್ಲಿ ಕೆನಡಾದ ಬರಹದ ಹೆಸರು ಒಂದೇ ಬರೆದರೆ ಸಿಗುವುದಿಲ್ಲ. ಗೋರಿಕಲ್ಲಿನ ಸಿರಿಲಿಕ್ ಹೆಸರಿನ ಫೋಟೋ, ಸಾಕ್ಷಿ ಹೇಳಿದ ನೆರೆಯವರ ಹೆಸರು, ಹಳ್ಳಿ, ಹುಟ್ಟಿದ ವರ್ಷದ ಎರಡು ಮೂರು ವರ್ಷ ಹಿಂದುಮುಂದಿನ ಅವಧಿ ಇಷ್ಟನ್ನೂ ಸೇರಿಸಿ ಕಳಿಸಿ.